ರೆಕ್ಕೆ ಮುಕ್ಕಾದ ಗುಬ್ಬಿ

ಹೋದ ವರ್ಷ ಪುಷ್ಯದಲ್ಲಿ ಗಾಳಿ ತಡವಾಗಿ ಬೀಸಿತು. ತೊಗರಿ ಬಡಿದು ನಾಲ್ಕು ದಿನವಾಗಿದ್ದರೂ ತೂರಲಾಗದೆ ರಾಶಿ ಹಾಗೇ ಬಿದ್ದಿತ್ತು. ಐದನೆಯ ದಿನ ಬೆಳಿಗ್ಗೆ ಮೂಡಲ ಕಡೆಯಿಂದ ಗಾಳಿ ಎದ್ದಿತು. ಕೆಳಗಿನ ಬೀದಿಯ ಹೆಂಗಸರೆಲ್ಲ ಮೊರ ಹಿಡಿದು ಕಣಕ್ಕೆ ಇಳಿದೆವು. ಹೊಟ್ಟು ಹಾರಿ ರೆಪ್ಪೆಯ ಮೇಲೆ, ಕಿವಿಯೊಳಗೆ ಕೂರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಆಯಿತು. ಅಳೆಯುವ ಕೆಲಸ ಯಾವಾಗಲೂ ನನ್ನದು. ನಾನು ತುಂಬಿದ ಸೇರಿನ ತಲೆಯ ಮೇಲೆ ಕಾಳು ಒಂದು ಹೆಚ್ಚಿರುವುದಿಲ್ಲ, ಒಂದು ಕಡಿಮೆಯಿರುವುದಿಲ್ಲ ಎಂದು ಬೀದಿಯವರು ಹೇಳುತ್ತಾರೆ. ಮನೆಮನೆಯ ಪಾಲನ್ನು ಅಳೆದು ಹಡಗಿನ ಚೀಲಗಳಿಗೆ ಹಾಕುತ್ತ ಬಂದೆ. ನೂರು ಸೇರಾದ ಮೇಲೆ ಬಾಯಿ ಕಟ್ಟಿದೆ.

ಹಡಗು ಅಂದರೆ ಆಕಾಶದ ಚುಕ್ಕಿಗಳ ನಡುವೆ ಓಡಾಡುವ ಹಡಗು. ನಮ್ಮೂರಿಗೆ ಸಮುದ್ರವಿಲ್ಲ, ಹೊಳೆಯೂ ಇಲ್ಲ, ಬೇರೆ ಥರದ ಹಡಗನ್ನು ನಾವು ಕಂಡವರಲ್ಲ. ಊರಲ್ಲಿ ಎರಡು ಬೀದಿ, ಮೇಲಿನದು ಮತ್ತು ಕೆಳಗಿನದು. ನಡುವೆ ಒಂದು ಬಯಲು. ಪುಷ್ಯದ ಹುಣ್ಣಿಮೆ ದಿನ, ಬಿಸಿಲೇರಿದ ಮೇಲೆ, ಆ ಬಯಲಲ್ಲಿ ಹಲಗೆ ಜೋಡಿಸಿ, ಅದರ ಮೇಲೆ ಕರಿ ಕಂಬಳಿ ಹಾಸಿ, ಸುಣ್ಣದಲ್ಲಿ ಚುಕ್ಕಿ ಇಟ್ಟು, ಎರಡೂ ಬೀದಿಯ ಮರದ ಹಡಗುಗಳನ್ನು ಎದುರುಬದುರು ನಿಲ್ಲಿಸಿ ಆಡುತ್ತಾರೆ. ಕವಡೆ ಹಾಕಿ ಹೊಡೆಯುವುದು, ಕಡ್ಡಿ ಇಟ್ಟು ನಡೆಸುವುದು. ಒಂದೊಂದು ಹಡಗಿನ ಹೊಟ್ಟೆಯಲ್ಲಿ ಇದ್ದಿಲಿಂದ ಒಬ್ಬೊಬ್ಬರ ಹೆಸರು ಬರೆದಿರುತ್ತದೆ. ಯಾರ ಹೆಸರು ಯಾವುದಕ್ಕೆ ಎಂದು ಚೀಟಿ ಎತ್ತಿ ಗೊತ್ತು ಮಾಡುತ್ತಾರೆ. ಹಡಗು ಉರುಳಿದರೆ ಆ ಹೆಸರಿನವರು ಅವತ್ತೇ ಹಾಸಿಗೆ ಸುತ್ತಿಕೊಂಡು ಎದುರು ಬೀದಿಗೆ ಹೋಗಬೇಕು. ಅಲ್ಲೇ ಉಣ್ಣಬೇಕು, ಅಲ್ಲಿಯವರ ಹೊಲದಲ್ಲೇ ದುಡಿಯಬೇಕು, ಅಲ್ಲಿಯವರ ಒಳ್ಳೆಯದನ್ನೇ ನೋಡಬೇಕು. ಬಯಲಿನ ನಡುವೆ ನೆಟ್ಟ ಕಲ್ಲಿನವರೆಗೆ ಬಂದು ತಮ್ಮವರ ಜೊತೆ ಮಾತಾಡಬಹುದು, ಅದನ್ನು ದಾಟುವಂತಿಲ್ಲ. ವಾಪಸು ಬರಬೇಕಾದರೆ ಮುಂದಿನ ಪುಷ್ಯದಲ್ಲಿ ಅವರ ಬೀದಿ ಆ ಹಡಗನ್ನು ಮತ್ತೆ ಕೊಳ್ಳಬೇಕು. ಯಾರೂ ಕೊಳ್ಳದಿದ್ದರೆ ಇನ್ನೂ ಒಂದು ವರ್ಷ ಅಲ್ಲೇ. ಎದುರು ಬೀದಿಯವರೇ ಕೊಂಡುಬಿಟ್ಟರೆ ಅವರು ಅಲ್ಲಿಯವರೇ ಆಗಿಹೋದ ಹಾಗೆ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಹೊಸ ಮನೆ ಕಟ್ಟಿಸುವವರು ಬಯಲಿನ ಕಡೆಗೆ ತಪ್ಪದೆ ಒಂದು ಕಿಟಕಿ ಇಡಿಸುತ್ತಾರೆ. ಮದುವೆ ಮಾತುಕತೆಯೆಲ್ಲ ಹುಣ್ಣಿಮೆ ಕಳೆದ ಮೇಲೆ. ಹುಡುಗ ಯಾವ ಬೀದಿಯಲ್ಲಿರುತ್ತಾನೆ ಎಂದು ಗೊತ್ತಾಗದೆ ಯಾರು ಹೆಣ್ಣು ಕೊಡುತ್ತಾರೆ. ಮೇಲಿನ ಬೀದಿಯಲ್ಲಿ ಜೋಳದ ರೊಟ್ಟಿ, ನಮ್ಮಲ್ಲಿ ರಾಗಿ ಮುದ್ದೆ. ಒಂದು ವರ್ಷ ಅಲ್ಲಿದ್ದು ಬಂದವರು ಮೂರು ತಿಂಗಳು ಮುದ್ದೆಯನ್ನು ಅಗಿಯುತ್ತಾರೆ. ಮಕ್ಕಳು ನೋಡಿ ನಗುತ್ತವೆ.

ಹಡಗುಗಳನ್ನು ಕೆತ್ತುವವನು ಮೌನಾಚಾರಿ. ಅವನ ಮನೆ ಎರಡೂ ಬೀದಿಗೆ ಸೇರದೆ ಬಯಲಿನ ತುದಿಯಲ್ಲಿದೆ. ಪ್ರತಿ ಪುಷ್ಯಕ್ಕೂ ಹೊಸ ಹಡಗೇ ಆಗಬೇಕು, ಮೂರು ಥರದ್ದು ಮಾಡುತ್ತಾನೆ. ಗುಬ್ಬಿಗೆ ಬೆಲೆ ಹತ್ತು ಸೇರು ತೊಗರಿ. ಚುರುಕು, ಎರಡು ಏಟಿಗೆ ಉರುಳುತ್ತದೆ. ಟಗರು ಇಪ್ಪತ್ತು ಸೇರು. ನೇರ ನುಗ್ಗಿ ಹೊಡೆಯುತ್ತದೆ. ಎಮ್ಮೆ ನಲವತ್ತು. ಎಮ್ಮೆ ಯಾರನ್ನೂ ಹೊಡೆದದ್ದು ಕಾಣೆ. ಆದರೆ ಮುಂದೆ ನಿಂತು ಏಟು ತಿನ್ನುತ್ತದೆ, ಮಿಕ್ಕವು ಅದರ ಮರೆಯಲ್ಲಿ ಬದುಕುತ್ತವೆ. ಪ್ರತಿ ಹಡಗಿಗೂ ಅದರದೇ ತಿರುವಿನ ಕಡ್ಡಿ ಇರುತ್ತದೆ, ಹಸಿ ಹುಣಸೆ ಬರಲನ್ನು ಬಿಸಿಗೆ ಹಿಡಿದು ಬಗ್ಗಿಸಿದ್ದು. ಕಡ್ಡಿ ಬಾಗಿದಷ್ಟೇ ಹಡಗು ತಿರುಗಬಹುದು. ಗುಬ್ಬಿಯ ಕಡ್ಡಿ ಕುಡುಗೋಲಿನಷ್ಟು ಬಾಗಿರುತ್ತದೆ, ಎಮ್ಮೆಯದು ಬಾಗಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಉರುಳಿಹೋದ ಹಡಗನ್ನು ಮತ್ತೆ ಕೊಳ್ಳುವುದಾದರೆ, ಅದು ಗುಬ್ಬಿಯಾಗಲಿ ಟಗರಾಗಲಿ, ಎಮ್ಮೆಯ ಬೆಲೆಯನ್ನೇ ಕೊಡಬೇಕು.

ಹನ್ನೆರಡು ವರ್ಷ ನಮ್ಮ ಬೀದಿಗೆ ಹಡಗು ಕೊಂಡವನು ಹಾಲಪ್ಪ. ಕಂಬಳಿ ನೇಯುವವನು, ನಮ್ಮ ಪಕ್ಕದ ಮನೆ. ಹೆಂಡತಿ ಸತ್ತ ಮೇಲೆ ಒಬ್ಬನೇ. ನಾನು ಅವನನ್ನು ಹಾಲಣ್ಣ ಅನ್ನುತ್ತಿದ್ದೆ. ಅಳೆಯುವವಳಾದ್ದರಿಂದ ಪ್ರತಿ ವರ್ಷ ತೊಗರಿ ಗಾಡಿಯ ಜೊತೆ ಆಚಾರಿಯ ಅಂಗಳಕ್ಕೆ ನಾನೂ ಹೋಗುತ್ತಿದ್ದೆ. "ಮೊದಲು ಎಮ್ಮೆ ಕೊಂಡ್ಬಿಡು ಕೆಂಚವ್ವ. ಆಮೇಲೆ ಮಿಕ್ಕಿದ್ದು. ಚಂದ ಇರೋದ್ನ ನೋಡಬ್ಯಾಡ, ಕಡ್ಡಿ ನೋಡು," ಅಂತ ಹಾಲಣ್ಣ ಅನ್ನುತ್ತಿದ್ದ. ಹೋದ ವರ್ಷಕ್ಕೂ ಹಿಂದಿನ ಪುಷ್ಯದಲ್ಲಿ ಚೀಟಿ ಎತ್ತಿದಾಗ ನನ್ನ ಮಗಳು ಹೊನ್ನಿಯ ಹೆಸರು ಗುಬ್ಬಿಗೆ ಬಂತು, ಹಾಲಣ್ಣನದು ಎಮ್ಮೆಗೆ. ಹೊನ್ನಿಗೆ ಆಗ ತುಂಬಿದ ಎಂಟು ತಿಂಗಳು. ಬಸುರಿ ಎಂದು ಬಿಡುವ ಪದ್ಧತಿ ಇಲ್ಲ, ಆದರೆ ಕಂಬಳಿ ಹಾಸುವ ಮೊದಲು ಒಬ್ಬರ ಜಾಗಕ್ಕೆ ಒಬ್ಬರು ಹೋಗಬಹುದು. ಹಾಲಣ್ಣ ಎದ್ದು ಎರಡೂ ಹಡಗಿನ ಹೊಟ್ಟೆ ಒರೆಸಿ, ಹೆಸರು ಅದಲುಬದಲು ಬರೆದ. "ನನಗೇನು, ಒಲೆ ಇಲ್ಲಿ ಹಚ್ಚಿದ್ರೂ ಒಂದೇ, ಅಲ್ಲಿ ಹಚ್ಚಿದ್ರೂ ಒಂದೇ," ಅಂದ. ಮೂರನೆಯ ಸುತ್ತಿಗೆ ಗುಬ್ಬಿ ಉರುಳಿತು. ಒಂದು ರೆಕ್ಕೆ ಮುಕ್ಕಾಯಿತು. ಹೊನ್ನಿ ಗಂಡುಮಗು ಹೆತ್ತಳು, ನಮ್ಮ ಮನೆಯಲ್ಲೇ.

ಆ ಋಣ ನನ್ನ ಮೇಲಿತ್ತು. ಬೀದಿಗೆಲ್ಲ ಗೊತ್ತಿತ್ತು.

ಕಣದಲ್ಲಿ ಚೀಲದ ಬಾಯಿ ಕಟ್ಟಿದ ಮೇಲೆ, ಈ ಸಲ ಕೊಳ್ಳಲು ಹೋಗುವವರು ಯಾರು ಎಂಬ ಮಾತು ಬಂತು. ಹಿರಿಯನಾದ ತಿಪ್ಪಜ್ಜ, "ಕೆಂಚವ್ವನೇ ಹೋಗ್ಲಿ. ಹಾಲಪ್ಪನ ಬಾಯಿಂದ ಬಂದಿದ್ದೆಲ್ಲ ಇವಳ ಕಿವೀಲಿ ಐತೆ," ಅಂದ.

ರಂಗವ್ವ ಸೆರಗಿನಿಂದ ಹೊಟ್ಟು ಕೊಡವಿಕೊಂಡು ಹತ್ತಿರ ಬಂದಳು. ಆ ವರ್ಷ ಎಲ್ಲರಿಗಿಂತ ಹೆಚ್ಚು ತೊಗರಿ ಕೊಟ್ಟದ್ದು ಅವಳ ಮನೆ. "ಕೆಂಚಕ್ಕ, ಹಾಲಣ್ಣನ್ನ ಬಿಡಿಸ್ಕೊಂಬಾ, ಬ್ಯಾಡ ಅನ್ನಲ್ಲ. ಆದ್ರೆ ಮೊದ್ಲು ಎಮ್ಮೆ. ನನ್ನ ಗಂಡ ನಿದ್ದೇಲೂ ಎಡವೋನು. ಅವನ ಚೀಟಿ ಬಂದ್ರೆ ಮರೆಗೆ ಏನಾದ್ರೂ ಬೇಕಲ್ಲ."

ಅವಳ ಗಂಡ ಬೊಮ್ಮಣ್ಣ ರಾಶಿಯ ಆಚೆಯಿಂದ, "ನಾನು ಹೋದ್ರೆ ನಿನಗೆ ದಿನಾ ಒಂದು ಮುದ್ದೆ ಉಳೀತದೆ," ಅಂದ.

"ಒಂದಲ್ಲ, ಮೂರು."

ಎಲ್ಲರೂ ನಕ್ಕರು. ನಾನು ಲೆಕ್ಕ ಹಾಕಿದೆ. ಎಮ್ಮೆಗೆ ನಲವತ್ತು, ಹಾಲಣ್ಣನ ಗುಬ್ಬಿಗೆ ನಲವತ್ತು, ಮಿಕ್ಕ ಇಪ್ಪತ್ತಕ್ಕೆ ಒಂದು ಟಗರು. ಮೂರೇ ಹಡಗು, ಆದರೂ ಎಮ್ಮೆಯಿದ್ದರೆ ಸಾಗುತ್ತದೆ. "ಆಗ್ಲಿ, ಮೊದ್ಲು ಎಮ್ಮೆ," ಅಂದೆ.

ಮಾರನೆಯ ದಿನ ಬಿಸಿಲೇರಿದ ಮೇಲೆ ಗಾಡಿ ಕಟ್ಟಿಸಿಕೊಂಡು ಹೋದೆ. ಮೌನಾಚಾರಿ ಹೊಂಗೆ ಮರದ ಕೆಳಗೆ ಹಗ್ಗದ ಮಂಚ ಹಾಕಿ, ಅದರ ಮೇಲೆ ಹಡಗುಗಳನ್ನು ಸಾಲಾಗಿ ಇಟ್ಟಿದ್ದ. ಎಂಟು ಗುಬ್ಬಿ, ಆರು ಟಗರು. ಎಮ್ಮೆ ಒಂದೇ. "ದಪ್ಪ ಮರ ಸಿಗಲಿಲ್ಲ ಈ ಸಲ," ಅಂದ. ಮಂಚದ ಕಾಲ ಕಡೆಗೆ, ಮುಕ್ಕಾದ ರೆಕ್ಕೆಯ ಹಳೆಯ ಗುಬ್ಬಿ ಬೇರೆಯಾಗಿ ಕೂತಿತ್ತು. ಅವನ ಹೆಂಡತಿ ಕಾಳಮ್ಮ ಅಳೆದದ್ದನ್ನು ಸುರುವಿಕೊಳ್ಳಲು ಬುಟ್ಟಿ ಹಿಡಿದು ಕೂತಿದ್ದಳು.

ಮೇಲಿನ ಬೀದಿಯಿಂದ ಯಜಮಾನ ಗುರುಶಾಂತಪ್ಪ ಬಂದಿದ್ದ. ಅವನ ಪಕ್ಕದಲ್ಲಿ ಹಾಲಣ್ಣ, ಅವರ ಬೀದಿಯವರ ಹಾಗೆ ರುಮಾಲನ್ನು ಎಡಗಿವಿ ಮುಚ್ಚುವಂತೆ ಸುತ್ತಿದ್ದ. ಅವರು ಅವನನ್ನೇ ಕೊಳ್ಳಲು ಕರೆತಂದಿದ್ದರು. ಅಂಥ ಕೈ ಸಿಕ್ಕಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು. ಹಾಲಣ್ಣ ಸ್ವಲ್ಪ ಮೈ ಕೈ ತುಂಬಿಕೊಂಡಿದ್ದ.

"ಹೊನ್ನಿ ಮಗ ನಡೀತಾನಾ?" ಅಂದ.

"ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ."

"ಸಾಕು ಬಿಡು, ನಾನೂ ಅಷ್ಟೇ."

ಹಿಂದಿನ ಸಲ ಹೆಚ್ಚು ಕಳಕೊಂಡ ಬೀದಿ ಮೊದಲು ಕೊಳ್ಳಬೇಕು, ಆಮೇಲೆ ಒಂದಾದ ಮೇಲೆ ಒಂದು ಸರದಿ. ಆದ್ದರಿಂದ ಮೊದಲ ಕೈ ನನ್ನದು. ಕೊಳ್ಳುವ ಮೊದಲು ಇಬ್ಬರೂ ಮುಟ್ಟಿ ನೋಡಬಹುದು, ನೆಲಕ್ಕೆ ಹಾಸಿದ ಕಂಬಳಿ ತುಂಡಿನ ಮೇಲೆ ಕಡ್ಡಿ ಇಟ್ಟು ಓಡಿಸಿ ನೋಡಬಹುದು. ನಾನು ಎಮ್ಮೆಯನ್ನು ಎತ್ತಿ ಅದರ ಕಡ್ಡಿ ನೋಡಿದೆ. ಚೆನ್ನಾಗಿತ್ತು. ಹಾಲಣ್ಣ ಎರಡು ಟಗರು ಓಡಿಸಿದ. ಆಮೇಲೆ ಮಂಚದ ಕಾಲ ಕಡೆಗೆ ಹೋಗಿ, ಮುಕ್ಕಾದ ಗುಬ್ಬಿಯನ್ನು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ರೆಕ್ಕೆ ಸವರಿದ. ಗುರುಶಾಂತಪ್ಪ ಬಗ್ಗಿ ಅವನ ಕಿವಿಯಲ್ಲಿ ಏನೋ ಕೇಳಿದ. ಹಾಲಣ್ಣ ಗುಬ್ಬಿಯ ಮೇಲಿಂದ ಕಣ್ಣು ತೆಗೆಯದೆ ತಲೆಯಾಡಿಸಿದ.

ನನಗೆ ಅನ್ನಿಸಿದ್ದು ಒಂದೇ. ಇವರು ಇವನನ್ನು ಇವನ ಕೈಯಿಂದಲೇ ಕೊಳ್ಳಿಸುತ್ತಿದ್ದಾರೆ. ನಲವತ್ತು ಸೇರಿಗೆ ಇಂಥ ಕೈ ಶಾಶ್ವತವಾಗಿ ಸಿಕ್ಕರೆ ಯಾರು ಬಿಡುತ್ತಾರೆ. ನಾನು ಎಮ್ಮೆಗೆ ಅಳೆದು ಮುಗಿಸುವಷ್ಟರಲ್ಲಿ ಮುಂದಿನ ಸರದಿ ಅವರದು. ಎಮ್ಮೆಯನ್ನು ಕೆಳಗಿಟ್ಟೆ.

"ಕಾಳಮ್ಮ, ಆ ಗುಬ್ಬಿ ನಮಗೆ."

"ಮುಕ್ಕಾಗಿರೋದಾ? ನಲವತ್ತು ಕಣವ್ವ ಅದು."

"ಗೊತ್ತು."

ಚೀಲ ಬಿಚ್ಚಿದೆ. ಮೊದಲ ಸೇರಿಗೆ ಒಂದು ಅನ್ನದೆ ಲಾಭ ಎಂದು ಎಣಿಸಿ, ಎರಡು, ಮೂರು ಎಂದು ಬುಟ್ಟಿಗೆ ಸುರಿಯುತ್ತ ಹೋದೆ. ನಲವತ್ತು ಅಂದ ಕೂಡಲೇ ಹಾಲಣ್ಣ ಕೈಯಲ್ಲಿದ್ದ ಟಗರಿನ ಕಡ್ಡಿಯನ್ನು ಮಂಚದ ಮೇಲಿಟ್ಟು, ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮಂಚ ಸುತ್ತಿ ನನ್ನ ಕಡೆಗೆ ಬಂದು ನಿಂತ.

"ಎಲ್ಲಿಗೆ ಹೊಂಟ್ಯೋ ಹಾಲಪ್ಪ? ಇನ್ನೂ ನೂರು ಸೇರು ಹಾಗೇ ಐತೆ," ಅಂದ ಗುರುಶಾಂತಪ್ಪ.

"ಈಗ ಅದು ನಿಮ್ಮ ನೂರು ಸೇರು, ಯಜಮಾನ್ರೆ."

"ಮತ್ತೆ ನಾನು ಯಾವುದು ತಗಳ್ಳಲಿ?"

"ಅದ್ನ ನಾನು ಹೇಳಬಾರದು."

ಗುರುಶಾಂತಪ್ಪನಿಗೆ ಹಡಗಿನ ಬಗ್ಗೆ ಏನೂ ತಿಳಿಯದು. ಅವನು ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದ. ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದನ್ನು ತೋರಿಸಿ, "ಇದು," ಅಂದ. ಎಮ್ಮೆ ಹೋಯಿತು.

ನಾನು ಹಾಲಣ್ಣನ ಮುಖ ನೋಡಿದೆ. ಅವನು ಹೊಂಗೆ ಮರದ ಕೊಂಬೆಯನ್ನು ನೋಡುತ್ತಿದ್ದ. "ಮುಂದೆ ಯಾವುದಣ್ಣ?" ಅಂದೆ.

"ಬೆಳಿಗ್ಗೆ ಅವರ ರೊಟ್ಟಿ ತಿಂದು ಬಂದಿದೀನಿ. ಹೊತ್ತು ಮುಳುಗೋ ತನಕ ನನ್ನ ಬಾಯಿ ಯಾರ ಕಡೆಗೂ ಇಲ್ಲ."

ನಮ್ಮ ಬೀದಿಗೆ ಸೇರಿದ ಮೇಲೂ ಅವನು ಅಷ್ಟು ಹೊತ್ತೂ ಕಂಬದ ಹಾಗೆ ನಿಂತೇ ಇದ್ದ. ಉಳಿದ ಅರವತ್ತು ಸೇರಿಗೆ ನಾನೊಬ್ಬಳೇ ಕಡ್ಡಿ ಇಟ್ಟು ಓಡಿಸಿ ನೋಡಿ, ಎರಡು ಟಗರು, ಎರಡು ಗುಬ್ಬಿ ಕೊಂಡೆ. ಗುರುಶಾಂತಪ್ಪ ಎಮ್ಮೆಯ ಜೊತೆಗೆ ಬಣ್ಣ ನೋಡಿ ಮೂರು ಟಗರು ಕೊಂಡ. ಮೂರರಲ್ಲಿ ಎರಡು ಸರಿಯಾಗಿ ತಿರುಗುತ್ತಿರಲಿಲ್ಲ. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ.

ವಾಪಸು ಬರುವಾಗ ಗಾಡಿ ಮುಂದೆ, ನಾವು ಹಿಂದೆ. ಬಯಲಿನ ಕಲ್ಲಿನ ಹತ್ತಿರ ಬರುವ ಹೊತ್ತಿಗೆ ಸೂರ್ಯ ಮುಳುಗಿದ. ಹಾಲಣ್ಣ ಕಲ್ಲಿನ ಮೇಲೆ ಕೂತು ಎಕ್ಕಡದೊಳಗಿನ ಮಣ್ಣು ಕೊಡವಿದ.

"ಈಗ ಹೇಳ್ತೀನಿ ಕೇಳು. ಗುಬ್ಬಿ ಎತ್ತಿ ನೋಡಿದ್ದು, ಆಚಾರಿ ಮುಕ್ಕು ತಿದ್ದಿದಾನಾ ಅಂತ. ತಿದ್ದಿಲ್ಲ. ಗುರುಶಾಂತಪ್ಪ ಕಿವೀಲಿ ಕೇಳಿದ್ದು, ಮಜ್ಜಿಗೆ ತರಿಸ್ಲಾ ಅಂತ."

ನಾನು ಮುಂದೆ ಹೋಗುತ್ತಿದ್ದ ಗಾಡಿಯ ಕಡೆ ನೋಡಿದೆ.

"ನನ್ನನ್ನ ಕೊಳ್ಳೋ ಅಷ್ಟು ದಡ್ಡನಲ್ಲ ಅವನು. ವರ್ಷಾಪೂರ್ತಿ ಹೆಂಗೂ ದುಡೀತಾ ಇದ್ನಲ್ಲ, ಮತ್ಯಾಕೆ ನಲವತ್ತು ಸೇರು ಸುರೀತಾನೆ? ನೀನು ಎಮ್ಮೆ ತಗೊಂಡು, ಆಮೇಲೆ ನಿಧಾನಕ್ಕೆ ನನ್ನನ್ನ ತಗೊಂಡಿದ್ರೂ ನಾನು ಅಲ್ಲೇ ಇರ್ತಿದ್ದೆ." ಎಕ್ಕಡ ಮೆಟ್ಟಿಕೊಂಡು ಮತ್ತೆ ಹೇಳಿದ, "ತಗೋಬೇಕಾ ಬ್ಯಾಡ್ವಾ ಅಂತಾನೂ ಒಂದು ಮಾತು ಕೇಳಬಹುದಾಗಿತ್ತು. ಈ ಕಲ್ಲಿನ ತನಕ ಬಂದು ಕೇಳಿದ್ರೆ ಸಾಕಿತ್ತು."

"ಬರಲ್ಲ ಅಂತಿದ್ಯಾ?"

"ಏನಂತಿದ್ನೋ. ಬೇಲಿ ಮೇಲೆ ಅವರೆ ಹಬ್ಬಿಸಿದೀನಿ ಅಲ್ಲಿ. ಹೂ ಉದುರಿ ಕಾಯಿ ಕಚ್ಚಿದೆ. ಇನ್ನು ಹದಿನೈದು ದಿನಕ್ಕೆ ಕಾಳು ತುಂಬ್ತಿತ್ತು."

ಎದ್ದು ಕಲ್ಲು ದಾಟಿ ನಮ್ಮ ಬೀದಿಗೆ ನಡೆದ. ಬೀದಿಯವರು ಅವನನ್ನು ನೋಡಿ ಸಂತೋಷಪಟ್ಟರು. ಗಾಡಿಯಲ್ಲಿ ಎಮ್ಮೆ ಇಲ್ಲದ್ದನ್ನು ಮೊದಲು ಕಂಡವಳು ರಂಗವ್ವ. ಅವಳು ಹಡಗುಗಳನ್ನು ಒಂದೊಂದಾಗಿ ಎಣಿಸಿ ಒಳಗೆ ಹೋದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಬಿಡಿಸಿಕೊಂಡ ಹಡಗಿಗೆ ಹೊಸ ಚೀಟಿ ಎತ್ತುವುದಿಲ್ಲ, ಹಳೆಯ ಹೆಸರೇ ಮುಂದುವರಿಯುತ್ತದೆ. ಹುಣ್ಣಿಮೆಯ ಬೆಳಿಗ್ಗೆ ಕಂಬಳಿ ತರುವ ಮೊದಲು ನಾನು ಮುಕ್ಕಾದ ಗುಬ್ಬಿಯ ಹೊಟ್ಟೆಯನ್ನು ಸೆರಗಿನಿಂದ ಒರೆಸಿ, ನನ್ನ ಹೆಸರು ಬರೆದೆ. ಹಾಲಣ್ಣ ಕೈ ಹಿಡಿದ.

"ಇದು ಬ್ಯಾಡ ಕೆಂಚವ್ವ."

"ಹೊನ್ನಿ ಜಾಗಕ್ಕೆ ನೀನು ಹೋಗುವಾಗ ನನ್ನನ್ನ ಕೇಳಿದ್ಯಾ?"

ಕೈ ಬಿಟ್ಟ.

ಉಳಿದ ಹಡಗುಗಳ ಚೀಟಿಯಲ್ಲಿ ಬೊಮ್ಮಣ್ಣನ ಹೆಸರು ಒಂದು ಟಗರಿಗೆ ಬಂತು. ಆಟ ಹೇಳುವಂಥದ್ದೇನಲ್ಲ. ನಮ್ಮ ಗುಬ್ಬಿಗಳು ಚೆನ್ನಾಗಿ ಓಡಿದವು, ಅವರ ಬಣ್ಣದ ಟಗರೊಂದನ್ನು ಸುತ್ತುವರಿದು ಉರುಳಿಸಿದವು. ಅದರಲ್ಲಿ ಇದ್ದವನು ಬಳೆ ಮಾರುವವನು. ಆ ವರ್ಷ ನಮ್ಮ ಬೀದಿಯಲ್ಲಿ ಬಳೆ ಅಗ್ಗವಾಯಿತು. ಆದರೆ ಅವರಿಗೆ ಮರೆಯಾಗಿ ಎಮ್ಮೆ ಇತ್ತು, ನಮಗೆ ಏನೂ ಇರಲಿಲ್ಲ. ಐದನೆಯ ಸುತ್ತಿಗೆ ಬೊಮ್ಮಣ್ಣನ ಟಗರು ಬಯಲಾಗಿ ಸಿಕ್ಕಿಬಿತ್ತು. ಏಳನೆಯದಕ್ಕೆ ನಾನು. ಗುಬ್ಬಿ ಉರುಳುವಾಗ ಮುಕ್ಕಾಗದೆ ಉಳಿದಿದ್ದ ರೆಕ್ಕೆಯೂ ಮುರಿಯಿತು. ಇಬ್ಬರೂ ಹಾಸಿಗೆ ಸುತ್ತಿಕೊಂಡು ಒಟ್ಟಿಗೇ ಬಯಲು ದಾಟಿದೆವು. ಕಲ್ಲಿನ ಹತ್ತಿರ ಬೊಮ್ಮಣ್ಣ ಎಡವಿದ.

ನನಗೆ ಹಾಲಣ್ಣ ಇದ್ದ ಕೋಣೆಯನ್ನೇ ಕೊಟ್ಟರು. ಬೇಲಿಯ ಮೇಲೆ ಅವನ ಅವರೆ ಮೈತುಂಬ ಕಾಯಿ ಬಿಟ್ಟಿತ್ತು. ಮೊದಲ ಕೊಯ್ಲನ್ನು ಬುಟ್ಟಿಯಲ್ಲಿ ಕಲ್ಲಿನ ಹತ್ತಿರ ಇಟ್ಟು ಬಂದೆ. ಸಂಜೆಗೆ ಬುಟ್ಟಿ ಖಾಲಿಯಾಗಿತ್ತು, ಅಡಿಯಲ್ಲಿ ಒಂದು ಹಿಡಿ ರಾಗಿ ಹಿಟ್ಟಿನ ಗಂಟು ಇತ್ತು. ರೊಟ್ಟಿ ತಟ್ಟುವುದು ಕಲಿತೆ, ಈಗ ಹರಿಯದ ಹಾಗೆ ಬರುತ್ತದೆ. ಇಲ್ಲಿಯವರು ಒಳ್ಳೆಯವರೇ. ಸೇರನ್ನು ನನ್ನ ಕೈಗೇ ಕೊಟ್ಟಿದ್ದಾರೆ. ಹೊನ್ನಿ ಎರಡು ದಿನಕ್ಕೊಮ್ಮೆ ಮಗುವನ್ನು ಕಲ್ಲಿನ ತನಕ ಕರೆತರುತ್ತಾಳೆ. ಅವನಿಗೆ ಈ ಕಲ್ಲೇ ಅಜ್ಜಿಯ ಮನೆ.

ಬೊಮ್ಮಣ್ಣ ಬೆಳಿಗ್ಗೆ ಹೊಲಕ್ಕೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಕಲ್ಲಿನ ಹತ್ತಿರ ನಿಲ್ಲುತ್ತಾನೆ. ರಂಗವ್ವ ಆ ಕಡೆಯಿಂದ ಬಂದು ಎಲೆಯಲ್ಲಿ ಸುತ್ತಿದ ಮುದ್ದೆ ಕೊಡುತ್ತಾಳೆ. "ಮೂರು ಉಳೀತದೆ ಅಂದಿದ್ಯಲ್ಲ," ಅಂತ ಅವನು ಮೊದಮೊದಲು ಕೆಣಕುತ್ತಿದ್ದ. ಈಗ ಸುಮ್ಮನೆ ತಿನ್ನುತ್ತಾನೆ. ರಂಗವ್ವ ಈ ವರ್ಷವಿಡೀ ನನ್ನ ಕಡೆ ತಿರುಗಿ ನೋಡಿಲ್ಲ.

ಈ ಪುಷ್ಯದಲ್ಲಿ ಗಾಳಿ ಬೇಗ ಬಂತು. ಎರಡೂ ಬೀದಿಯ ಕಣದಲ್ಲಿ ತೂರಿ ಮುಗಿದಿದೆ. ನಾಳೆ ಆಚಾರಿಯ ಅಂಗಳದಲ್ಲಿ ಕೊಳ್ಳುವ ದಿನ. ಮೇಲಿನ ಬೀದಿಯವರು ಹೋದ ಸಲ ಬುದ್ಧಿ ಕಲಿತಿದ್ದಾರೆ, ಹೊರಗಿನಿಂದ ಬಂದವರ ಕೈಗೆ ಚೀಲ ಕೊಡುವುದಿಲ್ಲ. ಗುರುಶಾಂತಪ್ಪನ ಸೊಸೆ ಹೋಗುತ್ತಾಳಂತೆ. ನಮ್ಮ ಬೀದಿಯ ಚೀಲ ಮತ್ತೆ ಹಾಲಣ್ಣನ ಕೈಗೆ ಬಂದಿದೆ.

ಇವತ್ತು ಮಧ್ಯಾಹ್ನ ಬೇಲಿಯಲ್ಲಿ ಅವರೆ ಬಿಡಿಸುತ್ತಿದ್ದಾಗ ಹಾಲಣ್ಣ ಕಲ್ಲಿನ ಹತ್ತಿರ ಬಂದು ನಿಂತದ್ದು ಕಾಣಿಸಿತು. ಬುಟ್ಟಿ ತಗೊಂಡೇ ಹೋದೆ. ಅವನು ಒಂದು ಕಾಯಿ ಎತ್ತಿ ಸುಲಿದು ಕಾಳು ನೋಡಿದ.

"ಈ ಸಲ ಕೇಳೇ ಕೊಳ್ಳಾನ ಅಂತ ಬಂದೆ," ಅಂದ. "ಬರ್ತೀಯಾ?"

ಅವನ ಹಿಂದೆ, ದೂರದಲ್ಲಿ, ಹೊನ್ನಿಯ ಮಗ ಕೋಳಿಯೊಂದನ್ನು ಅಟ್ಟಿಸಿಕೊಂಡು ಓಡುತ್ತಿದ್ದ. ಗೋಡೆ ಹಿಡಿದುಕೊಳ್ಳುವ ಕಾಲ ಯಾವಾಗ ಮುಗಿಯಿತೋ.

"ಎಮ್ಮೆ ಎಷ್ಟಿದಾವಂತೆ?"

"ಈ ಸಲಾನೂ ಒಂದೇ. ಮೊದಲ ಕೈ ನಮ್ಮದು."

"ಮೊದಲು ಎಮ್ಮೆ ಕೊಂಡ್ಬಿಡು, ನಲವತ್ತು. ಆಮೇಲೆ ಬೊಮ್ಮಣ್ಣನ ಟಗರು, ನಲವತ್ತು. ಗುರುಶಾಂತಪ್ಪನ ಸೊಸೆ ಅದ್ನ ಎತ್ತಿ ನೋಡಿದ್ರೂ ಹೆದರಬ್ಯಾಡ."

"ಮಿಕ್ಕ ಇಪ್ಪತ್ತಕ್ಕೆ?"

"ಒಂದು ಟಗರು. ಕಡ್ಡಿ ನೋಡಿ ತಗೋ."

ಹಾಲಣ್ಣ ಸುಲಿದ ಕಾಳನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದ. ಬುಟ್ಟಿಯನ್ನು ಕಂಕುಳಿಗೆ ಇಟ್ಟುಕೊಂಡ.

"ರಂಗವ್ವನಿಗೆ ನಾನೇ ಹೇಳ್ಲಾ, ನೀನು ಹೇಳ್ತೀಯಾ?" ಅಂದ.

"ಹೇಳೋದೇನೂ ಬ್ಯಾಡ. ಗಾಡಿ ಬಂದಾಗ ಅವಳೇ ಎಣಿಸ್ತಾಳೆ."

ಅವನು ಹೋದ ಮೇಲೆ ಬೇಲಿಗೆ ವಾಪಸು ಬಂದೆ. ಕೆಳಗಿನ ಕಾಯಿ ಮುಗಿದಿತ್ತು, ಮೇಲಿನವು ಉಳಿದಿದ್ದವು. ಬರುವ ವರ್ಷದ ಬಿತ್ತನೆಗೆ ಅಂತ ನಾಲ್ಕು ಗೊಂಚಲು ಬಳ್ಳಿಯಲ್ಲೇ ಒಣಗಲು ಬಿಟ್ಟು, ಮಿಕ್ಕಿದ್ದನ್ನು ಬಿಡಿಸಿದೆ.